ಕರಗಿದ ಹಿಮದಲ್ಲಿ ಮಾವನ ಉಂಗುರ

ನನ್ನ ಸೋದರಮಾವ ಬದುಕಿನ ಬಹುಭಾಗವನ್ನು ದೋಸೆ ಕಾವಲಿಯ ಮುಂದೆ ಕಳೆದವರು. ಕೋಪರಖೈರಣೆಯ ಹೋಟೆಲನ್ನು ಮಗನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತ ಮೇಲೆ ಅವರಿಗೆ ಹುಟ್ಟಿದ ಆಸೆ ಒಂದೇ: ಹಿಮದಲ್ಲಿ ನಿಲ್ಲಬೇಕು. ಕಾಶ್ಮೀರಕ್ಕೆ ಹೋಗಲು ಅತ್ತೆಯ ಮಂಡಿನೋವು ಬಿಡಲಿಲ್ಲ. ಹಾಗಾಗಿ ಕಳೆದ ಬೇಸಿಗೆಯಲ್ಲಿ ನಾನು ಡೊಂಬಿವಲಿಯಿಂದ ಬಂದು, ಇಬ್ಬರನ್ನೂ ನವಿ ಮುಂಬಯಿಯ ಒಂದು ಮಾಲ್‌ನೊಳಗಿನ ಸ್ನೋ ಪಾರ್ಕಿಗೆ ಕರೆದುಕೊಂಡು ಹೋದೆ.

"ಐಸು ನೋಡ್ಲಿಕ್ಕೆ ಟಿಕೆಟಾ? ಹೋಟೆಲಿನ ಡೀಪ್ ಫ್ರೀಜರ್ ಬಾಗಿಲು ತೆಗೆದು ನಿಂತ್ರೆ ಸಾಲ್ದಾ ನಿಮಗೆ?" ಎಂದರು ಅತ್ತೆ.

"ಅದ್ರಲ್ಲಿ ಜಾರುಬಂಡೆ ಇಲ್ವಲ್ಲ ಮಾರಾಯ್ತಿ," ಎಂದರು ಮಾವ.

ಬಾಡಿಗೆಯ ಕೋಟು, ಬೂಟು, ಕೈಗವಸು ಹಾಕಿಕೊಂಡು, ರಬ್ಬರ್ ಟ್ಯೂಬಿನಲ್ಲಿ ಕುಳಿತು, ಕೂಗುತ್ತ ಕೆಳಗೆ ಜಾರಿ ಬಂದರು. ಹೊರಗೆ ಕೈಗವಸು ಮರಳಿಸುವಾಗ ನೋಡಿದರೆ ಬೆರಳಿನಲ್ಲಿ ಪವಿತ್ರದುಂಗುರ ಇಲ್ಲ.

ದರ್ಭೆಯನ್ನು ಗಂಟು ಹಾಕಿದಂಥ ಆಕಾರದ ಆ ಚಿನ್ನದುಂಗುರ ಅವರ ಅಪ್ಪ ಕೊಟ್ಟದ್ದು. ಸೋಪು ಹಚ್ಚಿದರೂ ಬೆರಳಿನ ಗೆಣ್ಣು ದಾಟಿ ಬಾರದ್ದು. ಚಳಿಗೆ ಬೆರಳು ಸಣ್ಣದಾಗುತ್ತದೆ ಎಂಬುದು ಕರಾವಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆವರಿದ ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ಕೈಗವಸನ್ನು ಕೊಡವಿದೆವು, ಒಳಗು ಹೊರಗು ಮಾಡಿದೆವು. ಸಿಗಲಿಲ್ಲ. ಒಳಗಡೆ ಮೊಣಕಾಲುದ್ದದ ಹಿಮ.

"ಕಾಕಾ, ಟೆನ್ಶನ್ ಮತ್ ಲೋ," ಎಂದಳು ಅಲ್ಲಿನ ಮ್ಯಾನೇಜರ್ ಹುಡುಗಿ. ಮುಂದಿನ ತಿಂಗಳು ಯಂತ್ರ ನಿಲ್ಲಿಸಿ ಹಳೆಯ ಹಿಮವನ್ನೆಲ್ಲ ಕರಗಿಸುತ್ತಾರಂತೆ. ಆ ದಿನ ಬಂದರೆ ಹುಡುಕಬಹುದು.

ಅಲ್ಲಿಯ ತನಕ ಮಾವ ಖಾಲಿ ಬೆರಳನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದರು. ಉಂಗುರವಿದ್ದ ಜಾಗ ಬೆಳ್ಳಗೆ, ಎಳೆಗೂಸಿನ ಚರ್ಮದಂತಿತ್ತು. ಅತ್ತೆ ಮಾತ್ರ ತೀರ್ಮಾನಿಸಿ ಆಗಿತ್ತು.

"ಸಿಕ್ಕಿದ್ರೆ ಸೀದಾ ಕಪಾಟಿಗೆ. ಇನ್ನು ನಿಮ್ಮ ಬೆರಳಿಗಿಲ್ಲ."

"ಕಪಾಟಲ್ಲಿ ಇಡ್ಲಿಕ್ಕೆ ಅಪ್ಪ ಕೊಟ್ಟದ್ದಾ ಅದು?" ಮಾವ ಗೊಣಗಿದರು.

ಫೋಟೊಕ್ಕಾಗಿ ಮಾವ ಕೈಗವಸು ಕಳಚಿದ್ದು ಪ್ಲಾಸ್ಟಿಕ್ ಪೆಂಗ್ವಿನ್ ಪಕ್ಕದಲ್ಲಿ ಎಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ಅಥವಾ ಅವರಿಬ್ಬರಿಗೂ ಹೇಳಿ ಹೇಳಿ ನಾನೇ ಅದನ್ನು ಸ್ಪಷ್ಟ ಮಾಡಿಕೊಂಡಿದ್ದೆನೋ ಏನೋ. ಅತ್ತೆಯ ನೆನಪಿನಲ್ಲಿ ಅದು ಹಿಮಕರಡಿಯ ಪಕ್ಕ. ಮಾವನ ಪ್ರಕಾರ ಅವರು ಕೈಗವಸು ಕಳಚಿಯೇ ಇರಲಿಲ್ಲ.

ಕರಗಿಸುವ ದಿನ ಹೋದಾಗ ಹಿಮ ಇಡ್ಲಿ ಹಿಟ್ಟಿನ ಹದಕ್ಕೆ ಬಂದಿತ್ತು. ಚಳಿ ಮಾತ್ರ ಬಿಟ್ಟಿರಲಿಲ್ಲ. ನೆಲ ಕಾಣಿಸಿದಲ್ಲೆಲ್ಲ ನಾಣ್ಯಗಳು, ಕೂದಲಿನ ಕ್ಲಿಪ್ಪುಗಳು, ಒಂಟಿ ಓಲೆಗಳು. ಒಂದು ಮೂಲೆಯಲ್ಲಿ ಕಟ್ಟಿಸಿದ ಹಲ್ಲಿನ ಇಡೀ ಸೆಟ್ಟು ನಗುತ್ತ ಬಿದ್ದಿತ್ತು.

"ಅಯ್ಯೋ, ಇವ್ರು ಈಗ ಎಂಥ ತಿಂತಾರೋ ಪಾಪ," ಎಂದರು ಅತ್ತೆ.

"ಇಡ್ಲಿ," ಎಂದರು ಮಾವ. ತಿಂಗಳಲ್ಲಿ ಅವರು ಮಾಡಿದ ಮೊದಲ ತಮಾಷೆ ಅದು.

ಪೆಂಗ್ವಿನ್ ಸುತ್ತ ನಾನು ಕೈಯಾಡಿಸಿದ್ದೇ ಆಡಿಸಿದ್ದು. ಏನೂ ಸಿಗಲಿಲ್ಲ. ಅಷ್ಟರಲ್ಲಿ ಕೆಲಸದವರು ನೀರು ಹಿಮ ಎಲ್ಲವನ್ನೂ ವೈಪರಿನಿಂದ ಮೋರಿಯ ಕಡೆಗೆ ತಳ್ಳತೊಡಗಿದರು.

"ರುಕೋ, ರುಕೋ!" ಅತ್ತೆ ಕೂಗಿದರು. ಚೀಲದಿಂದ ಎರಡು ಅಗಲವಾದ ಬೋಗುಣಿಗಳನ್ನು ತೆಗೆದರು. ಮನೆಯಲ್ಲಿ ಅಕ್ಕಿ ಗಾಳಿಸಿ ಕಲ್ಲು ತೆಗೆಯುವ ಬೋಗುಣಿಗಳು. ಸ್ಟೂಲಿನ ಮೇಲೆ ಕುಳಿತು ನನಗೆ ಹೇಳಿದರು, "ನೀನು ಬಾಚಿ ತಂದು ಹಾಕು ಮಗ, ಮಾತಾಡ್ಬೇಡ."

ನಾನು ಬಕೆಟಿನಲ್ಲಿ ತಂದು ಸುರಿದೆ. ಅತ್ತೆ ಬೋಗುಣಿಯನ್ನು ಮೆಲ್ಲಗೆ ತಿರುಗಿಸಿ, ಒಂದರಿಂದ ಇನ್ನೊಂದಕ್ಕೆ ಬಗ್ಗಿಸುತ್ತಿದ್ದರು. ಹಗುರವಾದದ್ದು ನೀರಿನೊಂದಿಗೆ ಜಾರುತ್ತಿತ್ತು, ಭಾರವಾದದ್ದು ತಳದಲ್ಲಿ ಉಳಿಯುತ್ತಿತ್ತು. ನಾಣ್ಯ, ಓಲೆ, ಮತ್ತೆ ನಾಣ್ಯ. ಮ್ಯಾನೇಜರ್ ಹುಡುಗಿ ಟ್ರೇ ಹಿಡಿದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತಳು. ಮಾವ ಮೋರಿಗೆ ಅಡ್ಡವಾಗಿ ನಿಂತಿದ್ದರು, ಒಂದು ಹನಿಯೂ ತಪ್ಪಿ ಹೋಗಬಾರದೆಂಬಂತೆ.

ತಳದಲ್ಲಿ ಟಿಣ್ ಎಂದಿತು.

"ಕಲ್ಲು ಸಿಕ್ತು," ಎಂದರು ಅತ್ತೆ, ಅಡುಗೆಮನೆಯಲ್ಲಿ ಹೇಳುವಷ್ಟೇ ಸಹಜವಾಗಿ. ಉಂಗುರ.

ಅದು ಜಾರುಬಂಡೆಯ ಬುಡದಿಂದ ತಂದ ಬಕೆಟು ಎಂದು ನಾನು ಹೇಳುತ್ತೇನೆ. ಕರಡಿಯ ಹತ್ತಿರದ್ದು ಎಂದು ಅತ್ತೆ. ಪೆಂಗ್ವಿನ್ ವಿಷಯದಲ್ಲಿ ಅಷ್ಟು ಖಚಿತವಾಗಿದ್ದ ನನ್ನನ್ನು ಇದರಲ್ಲಿ ಏಕೆ ನಂಬಬೇಕು?

"ಕೊಡಿಲ್ಲಿ, ನಮ್ಮದೇ ಹೌದಾ ಅಂತ ಒಮ್ಮೆ ಹಾಕಿ ನೋಡ್ತೇನೆ," ಎಂದು ಮಾವ ಕೈ ಚಾಚಿದರು. ತಣ್ಣಗಾದ ಬೆರಳಿಗೆ ಉಂಗುರ ಸಲೀಸಾಗಿ ಇಳಿಯಿತು.

"ನೋಡಿ ಆಯ್ತಲ್ಲ, ತೆಗೀರಿ."

"ಬೂಟು ಕೊಟ್ಟು ಬರ್ತೇನೆ, ತಡಿ."

ಬೋಗುಣಿ ಒರೆಸಿ, ಹುಡುಗಿಗೆ ಬರ್ತೇವೆಂದು ಹೇಳಿ ನಾವು ಹೊರಬರುವಾಗ ಮಾವ ಮಾಲ್‌ನಲ್ಲೇ ಇರಲಿಲ್ಲ. ರಸ್ತೆಗೆ ಬಂದರೆ, ರಿಕ್ಷಾ ಸ್ಟ್ಯಾಂಡಿನ ಪಕ್ಕ, ಸುಡುವ ಬಿಸಿಲಲ್ಲಿ, ಬಲಗೈಯ ಮುಷ್ಟಿ ಬಿಗಿಯುತ್ತ ಬಿಡುತ್ತ ನಿಂತಿದ್ದರು. ಅತ್ತೆ ಆ ಕೈ ಹಿಡಿದು ಉಂಗುರವನ್ನು ಎಳೆದರು, ತಿರುಗಿಸಿದರು, ಮತ್ತೆ ಎಳೆದರು. ಅದು ಗೆಣ್ಣು ದಾಟಲಿಲ್ಲ.

"ಸೋಪು ಬೇಕಾದ್ರೆ ತಾ," ಎಂದರು ಮಾವ, ಬೆವರು ಒರೆಸಿಕೊಳ್ಳುತ್ತ.

ಅತ್ತೆ ಕೈ ಬಿಟ್ಟರು. "ಇನ್ನು ಕಪಾಟಲ್ಲಿ ನಿಮ್ಮನ್ನೇ ಇಡ್ಬೇಕಷ್ಟೆ," ಎಂದು ರಿಕ್ಷಾ ಹತ್ತಿದರು.