ಅಡುಗೆ ಎಂಬ ಫೋಲ್ಡರ್

ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ರವಿಕುಮಾರನ ಕಂಪ್ಯೂಟರ್ ಸೆಂಟರ್ ಇತ್ತು. ಬೋರ್ಡಿನ ಮೇಲೆ ಟೈಪಿಂಗ್, ಜೆರಾಕ್ಸ್, ಬಯೋಡೇಟಾ, ಸಾಫ್ಟ್‌ವೇರ್ ಎಂದು ಬರೆಸಿದ್ದ. ಮೊದಲ ಮೂರು ಅವನಿಗೆ ಬರುತ್ತಿದ್ದವು. ಸಾಫ್ಟ್‌ವೇರ್ ಮಾತ್ರ ಎರಡು ಬೀದಿಯಾಚೆ ಅವನ ಮನೆಯ ನಡುಮನೆಯಲ್ಲಿ, ರಾಗಿ ಚೀಲಕ್ಕೆ ಒತ್ತರಿಸಿಕೊಂಡಿದ್ದ ಮೇಜಿನ ಮೇಲೆ ತಯಾರಾಗುತ್ತಿತ್ತು. ತಯಾರು ಮಾಡುತ್ತಿದ್ದವಳು ಅವನ ಹೆಂಡತಿ ರೋಜಾ.

ರೋಜಾ ಚಿಕ್ಕಯ್ಯನಛತ್ರದ ಕಡೆಯ ಹುಡುಗಿ. ಅಪ್ಪ ಮಾರಯ್ಯ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಲಾರಿಗೆ ಮೂಟೆ ಹೊರುತ್ತಿದ್ದವನು, ಹಟ ಹಿಡಿದು ಮಗಳನ್ನು ಮೈಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿಸಿದ. ಮುಗಿದ ಮರುವರ್ಷವೇ ಮದುವೆ. ಹುಡುಗನೂ ಕಂಪ್ಯೂಟರ್ ಲೈನಿನವನೇ, ಓದಿದ್ದು ದಂಡವಾಗುವುದಿಲ್ಲ ಎಂದು ಮಾರಯ್ಯ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ. ಓದು ದಂಡವೇನೂ ಆಗಲಿಲ್ಲ. ಸೊಸೈಟಿಯ ರಸೀದಿ, ಗೊಬ್ಬರದಂಗಡಿಯ ಬಿಲ್ಲು, ಟ್ಯೂಷನ್ ಸೆಂಟರಿನ ಹಾಜರಿ, ಊರಿನಲ್ಲಿ ಯಾರಿಗೆ ಯಾವ ಪ್ರೋಗ್ರಾಂ ಬೇಕಾದರೂ ರೋಜಾಳೇ ಬರೆದಳು. ಪ್ರೋಗ್ರಾಂ ತೆರೆದರೆ ಕೆಳಗೆ ರವಿಕುಮಾರನ ಸೆಂಟರಿನ ಹೆಸರು ಬರುತ್ತಿತ್ತು. ಹೀಗಲ್ಲದೆ ಬೇರೆ ಹೇಗಿರುತ್ತದೆ ಎಂದು ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ, ಮೊದಮೊದಲು ಅವಳೂ ಕೂಡ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ನಂಜನಗೂಡಿನ ವ್ಯಾಪಾರಿ ಬಸವಪ್ರಸಾದ್ ತಾನು ನಡೆಸುತ್ತಿದ್ದ ಖಾಸಗಿ ಶಾಲೆಗೆ ಹೊಸ ಕಂಪ್ಯೂಟರುಗಳನ್ನು ತರಿಸಿದ. ಚಿಕ್ಕ ಮಕ್ಕಳಿಗೆ ಕನ್ನಡ ಅಕ್ಷರ, ಚಿತ್ರ, ಪದ್ಯ ಕಲಿಸುವ ಪ್ರೋಗ್ರಾಂ ಬೇಕೆಂದು ರವಿಕುಮಾರನನ್ನು ಕರೆಸಿದ. ಶಾಲೆಯಲ್ಲಿ ಇಂಟರ್‌ನೆಟ್ ಇರಲಿಲ್ಲ, ತರುವ ಇರಾದೆಯೂ ಅವನಿಗಿರಲಿಲ್ಲ. ಪ್ರೋಗ್ರಾಂ ಚೆನ್ನಾಗಿ ಬಂದರೆ ಮಾಡಿದವರನ್ನೇ ಕಂಪ್ಯೂಟರ್ ಟೀಚರ್ ಮಾಡಿಕೊಳ್ಳುತ್ತೇನೆ, ಹೆಣ್ಣುಮಕ್ಕಳಾದರೆ ಇನ್ನೂ ಒಳ್ಳೆಯದು ಎಂದನಂತೆ. ಈ ಮಾತನ್ನು ರವಿಕುಮಾರ ಊಟಕ್ಕೆ ಕೂತಾಗ ತಮಾಷೆಯೆಂಬಂತೆ ಹೇಳಿದ. ರೋಜಾ ನಗಲಿಲ್ಲ. ಸಾರಿನ ಸೌಟು ಹಿಡಿದುಕೊಂಡೇ, ಆ ಕೆಲಸ ನನಗೆ ಬೇಕು ಎಂದಳು.

ಅವಳಿಗೆ ಸಂಬಳಕ್ಕಿಂತ ಹೆಚ್ಚಾಗಿ ಬೇಕಿದ್ದದ್ದು ಆ ಕುರ್ಚಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಕೂತರೆ ಸಂಜೆಯವರೆಗೆ ಯಾರೂ ಎಬ್ಬಿಸದ ಕುರ್ಚಿ. ಮನೆಯಲ್ಲಿ ಒಂದು ಸಾಲು ಬರೆಯುವಷ್ಟರಲ್ಲಿ ನಲ್ಲಿಯಲ್ಲಿ ನೀರು ಬರುತ್ತಿತ್ತು, ಮಗು ರಾಹುಲ್ ಒದ್ದೆ ಮಾಡಿಕೊಳ್ಳುತ್ತಿದ್ದ, ಅತ್ತೆ ಪುಟ್ಟಮಾದಮ್ಮನ ಮಂಡಿಗೆ ಬಿಸಿನೀರಿನ ಶಾಖ ಆಗಬೇಕಿತ್ತು. ಎದ್ದು ಹೋಗಿ ಬಂದರೆ ತಲೆಯಲ್ಲಿದ್ದ ಲೆಕ್ಕಾಚಾರ ಚೆದುರಿಹೋಗಿರುತ್ತಿತ್ತು.

ಶಾಲೆ ಪ್ರೋಗ್ರಾಮನ್ನು ಕೊಂಡುಕೊಂಡರೆ ಹೋಗು ಎಂದು ಗಂಡ ಒಪ್ಪಿದ. ಪುಟ್ಟಮಾದಮ್ಮ ಅವರೆಕಾಯಿ ಬಿಡಿಸುತ್ತ ಹೇಳಿದಳು: "ಓಗ್ಲಿ ಬುಡು, ನಾನ್ಯಾಕೆ ಬ್ಯಾಡ ಅನ್ಲಿ. ರಾಗಿ ಇಟ್ಟು ತಿರುವೋರು ಯಾರು ಅಂತ ಯೋಳ್ಬುಟ್ಟು ಓಗ್ಲಿ."

ಪ್ರೋಗ್ರಾಂ ಬರೆಯಲು ಕೂತ ಕೂಡಲೇ ರೋಜಾಗೆ ಕನ್ನಡದ್ದೇ ತೊಡಕಾಯಿತು. ಅವಳು ಪ್ರೋಗ್ರಾಂ ಬರೆಯಲು ಕಲಿತಿದ್ದ ಸಾಧನದಲ್ಲಿ, ತೆರೆಯ ಮೇಲಿನ ಕಿಟಕಿಯೊಳಗೆ ಅಕ್ಷರ ಕೂರಿಸುವ ಪೆಟ್ಟಿಗೆಗಳಿದ್ದವು. ಹೊಸ ರೀತಿಯ ಕನ್ನಡ ಅಕ್ಷರ ಹಾಕಿದರೆ ಅವು ಸಾಲಾಗಿ ಪ್ರಶ್ನೆಯ ಚಿಹ್ನೆಗಳನ್ನು ತೋರಿಸುತ್ತಿದ್ದವು. ಅದೇ ಸಾಧನದ ಮೂಲೆಯಲ್ಲಿ ಬ್ರೌಸರ್ ಎಂಬ ತುಂಡೊಂದು ಇರುವುದನ್ನು ಅವಳು ಕಾಲೇಜಿನಲ್ಲೇ ನೋಡಿದ್ದಳು, ಮುಟ್ಟಿರಲಿಲ್ಲ. ಅದನ್ನು ಎಳೆದು ತನ್ನ ಕಿಟಕಿಯೊಳಗೆ ಬಿಟ್ಟಳು. ಇಂಟರ್‌ನೆಟ್ ನೋಡುವ ಬ್ರೌಸರಿನ ಎಂಜಿನ್ನೇ ಅವಳ ಪ್ರೋಗ್ರಾಮಿನ ಹೊಟ್ಟೆಯೊಳಗೆ ಬಂದು ಕೂತಿತು. ವಿಳಾಸದ ಪಟ್ಟಿ, ಗುಂಡಿಗಳು, ಹೆಸರು ಯಾವುದೂ ಇಲ್ಲ. ಬರಿಯ ಬಿಳಿ ಪುಟ. ಆ ಪುಟದಲ್ಲಿ 'ಅ' ಎಂದು ಹಾಕಿದರೆ 'ಅ' ಎಂದೇ ಬಂತು, ಒತ್ತಕ್ಷರ ಕೂಡ ಜಾಗ ತಪ್ಪಲಿಲ್ಲ.

ಅದಕ್ಕೆ ಇಂಟರ್‌ನೆಟ್ಟೂ ಬೇಕಿರಲಿಲ್ಲ, ಡಿಸ್ಕಿನಲ್ಲಿದ್ದ ಪುಟಗಳನ್ನೇ ಓದಿಕೊಳ್ಳುತ್ತಿತ್ತು. ಚಿತ್ರ ತೋರಿಸುತ್ತಿತ್ತು, ಪದ್ಯ ಹಾಡಿಸುತ್ತಿತ್ತು. ಬಲಗಡೆಯ ಕ್ಲಿಕ್ ಬೇಡವೆಂದರೆ ಮುಚ್ಚಿಕೊಳ್ಳುತ್ತಿತ್ತು. ಮಗು ಆನೆಯ ಚಿತ್ರ ಒತ್ತಿದರೆ ಸುದ್ದಿಯನ್ನು ಪ್ರೋಗ್ರಾಮಿಗೆ ಮುಟ್ಟಿಸಿ, ಪ್ರೋಗ್ರಾಂ ಹೇಳಿದ್ದನ್ನು ತಂದು ಪುಟದ ಮೇಲೆ ಬರೆಯುತ್ತಿತ್ತು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಮುಂಚೆ, ತನ್ನನ್ನು ಇಟ್ಟುಕೊಂಡಿರುವ ಪ್ರೋಗ್ರಾಮನ್ನು ಹೋಗಲೇ ಎಂದು ಕೇಳುತ್ತಿತ್ತು. ಬೇಡವೆಂದರೆ ನಿಲ್ಲುತ್ತಿತ್ತು. ಈ ಗುಣವನ್ನು ಅರ್ಥ ಮಾಡಿಕೊಳ್ಳಲು ರೋಜಾಗೆ ಪುಸ್ತಕ ಬೇಕಾಗಲಿಲ್ಲ.

ಆದರೆ ಅವಳು ಆ ಎಂಜಿನ್ನನ್ನು ಆರಿಸಿಕೊಂಡದ್ದಕ್ಕೆ ಬೇರೆಯದೇ ಕಾರಣವಿತ್ತು. ಪ್ರೋಗ್ರಾಮನ್ನು ಒಂದೇ ಉಸಿರಿನಲ್ಲಿ ಬರೆಯಬೇಕಾಗುತ್ತದೆ, ಪುಟಗಳಿಗೆ ಆ ಹಟವಿಲ್ಲ. ಒಂದೊಂದು ಪಾಠಕ್ಕೆ ಒಂದೊಂದು ಫೈಲು. ಕುಕ್ಕರ್ ಕೂಗುವಷ್ಟರಲ್ಲಿ ಅರ್ಧ ಪುಟ, ಮಗು ಮಲಗಿದಾಗ ಇನ್ನರ್ಧ. ಯಾರಾದರೂ ಕರೆದರೆ ಅಲ್ಲಿಗೇ ಬಿಟ್ಟು ಎದ್ದರೂ ಏನೂ ಕೆಡುತ್ತಿರಲಿಲ್ಲ. ಹಾಗೆ ತುಂಡುತುಂಡಾಗಿ ಅಕ್ಷರಮಾಲೆ ಮುಗಿಯಿತು, ಪ್ರಾಣಿಗಳು ಮುಗಿದವು, ಪದ್ಯಗಳು ಬಂದವು. ಎಲ್ಲ ಪುಟಗಳನ್ನೂ ಕಾಯುವ ಪುಟ್ಟ ಪ್ರೋಗ್ರಾಂ ಒಂದನ್ನು ಮಾತ್ರ, ಅತ್ತೆ ತವರಿಗೆ ಹೋಗಿದ್ದ ವಾರದಲ್ಲಿ ಕೂತು ಬರೆದಳು.

ಮನೆಯ ಕಂಪ್ಯೂಟರಿನಲ್ಲಿ ರವಿಕುಮಾರ ಗಿರಾಕಿಗಳಿಗೆ ಹಾಡಿನ ಸಿ.ಡಿ. ಬರೆದುಕೊಡುತ್ತಿದ್ದ. ಜಾಗ ಸಾಲದಾದಾಗ ಕಣ್ಣಿಗೆ ಬಿದ್ದದ್ದನ್ನು ಅಳಿಸುತ್ತಿದ್ದ. ರೋಜಾ ಮೊದಲು ಮಾಡಿದ್ದ ಪಾಠಗಳ ಫೋಲ್ಡರ್ ಹಾಗೆಯೇ ಒಮ್ಮೆ ಹೋಯಿತು. 'ಟೆಸ್ಟ್' ಅಂತ ಇತ್ತು, ಯಾವುದೋ ಅಂದುಕೊಂಡೆ ಎಂದ. ಅವಳು ಜಗಳವಾಡಲಿಲ್ಲ. ಮತ್ತೆ ಮೊದಲಿಂದ ಬರೆಯತೊಡಗಿದಳು, ಈ ಸಲ ಫೋಲ್ಡರಿಗೆ 'ಅಡುಗೆ' ಎಂದು ಹೆಸರಿಟ್ಟಳು. ಯಾರಾದರೂ ತೆರೆದರೂ ಅನುಮಾನ ಬರದಿರಲೆಂದು ಎಲ್ಲಕ್ಕಿಂತ ಮೇಲೆ ಕಜ್ಜಾಯದ ಪಾಕ ಹಿಡಿಯುವ ಬಗೆಯನ್ನು ಬರೆದಿಟ್ಟಳು. ಆ ಹೆಸರು ನೋಡಿ ಗಂಡ ಎಂದೂ ಅದನ್ನು ಅಳಿಸಲಿಲ್ಲ. ಹೆಂಡತಿಗೆ ಅಷ್ಟಾದರೂ ಇರಲಿ ಎಂದು ಬಿಟ್ಟಿದ್ದನೋ ಏನೋ.

ಪ್ರೋಗ್ರಾಂ ತಂದು ತೋರಿಸಿ ಎಂದು ಬಸವಪ್ರಸಾದ್ ಹೇಳಿ ಕಳಿಸಿದ ದಿನವೇ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ದಿನವೂ ಬಿತ್ತು. ಪಿತೃಪಕ್ಷದ ಆ ದಿನ, ತೀರಿಹೋಗಿದ್ದ ಮಾವ ಜವರಯ್ಯನಿಗೆ ಎಡೆ ಇಡುವ ಹೊತ್ತಿಗೆ ಆತನಿಗೆ ಇಷ್ಟವಾಗಿದ್ದ ಎಲ್ಲವೂ ಆಗಬೇಕಿತ್ತು. ಮಾಂಸದ ಸಾರು, ಹುರುಳಿ ಬಸ್ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಮಿಂದು ಒಲೆಯ ಮುಂದೆ ಕೂತ ಸೊಸೆ ಎಡೆ ಆಗುವ ತನಕ ಹೊಸಿಲು ದಾಟಬಾರದೆಂಬುದು ಆ ಮನೆಯ ನಡಾವಳಿ. ರೋಜಾ ಎಡೆಯನ್ನು ಮುಂದಕ್ಕೆ ಹಾಕೋಣವೇ ಎಂದು ಅತ್ತೆಯನ್ನು ಕೇಳಿದಳು. ನೆಂಟರಿಗೆಲ್ಲ ಹೇಳಿಯಾಗಿತ್ತು. ಶಾಲೆಯವರನ್ನು ಬೇರೆ ದಿನ ಕೇಳಿ ಎಂದು ಗಂಡನಿಗೆ ಹೇಳಿದಳು. ದೊಡ್ಡವರಿಗೆ ದಿನ ಬದಲಾಯಿಸಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಸತ್ತ ಮಾವನ ದಿನವೂ ಕದಲುವಂತಿರಲಿಲ್ಲ, ಬದುಕಿದ್ದ ಸಾಹುಕಾರನ ದಿನವೂ ಕದಲುವಂತಿರಲಿಲ್ಲ. ಕದಲಬಹುದಾದವಳು ರೋಜಾ ಒಬ್ಬಳೇ.

ಎಡೆಯ ದಿನ ಬೆಳಿಗ್ಗೆ, ಶಾಲೆಗೆ ತಾನೇ ಹೋಗಲೆಂದು ರವಿಕುಮಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಿ.ಡಿ. ಬರೆಯಲು ಕೂತ. ರೋಜಾ ಕಜ್ಜಾಯದ ಹಿಟ್ಟು ತಟ್ಟುತ್ತ ಒಳಗಿನಿಂದಲೇ, ಆ ಪ್ರೋಗ್ರಾಂ ಜೊತೆಗೆ ಪಕ್ಕದ ಫೋಲ್ಡರನ್ನೂ ಹಾಕಿಕೊಳ್ಳಿ ಎಂದಳು. ಹೂಂ ಎಂದ. ಎಣ್ಣೆ ಕಾದಿತ್ತು. ಅವಳು ಎದ್ದು ಬಂದು ನೋಡಲಿಲ್ಲ.

ಅವನು ವಾಪಸ್ಸು ಬರುವಷ್ಟರಲ್ಲಿ ನೆಂಟರು ಸೇರಿದ್ದರು, ಬಾಳೆಎಲೆಯ ಮೇಲೆ ಎಲ್ಲ ಬಡಿಸಿಯಾಗಿತ್ತು. ಎಡೆಗೆ ಧೂಪ ಹಾಕಿ, ಬಾಗಿಲು ಮುಂದಕ್ಕೆ ಎಳೆದು, ಹಿರಿಯರು ಉಂಡೇಳಲಿ ಎಂದು ಎಲ್ಲರೂ ಹೊರಗೆ ಜಗಲಿಯಲ್ಲಿ ಕೂತರು. ಅಲ್ಲಿ ಅವನು ಮೆಲ್ಲಗೆ, ಆಗಲಿಲ್ಲ ಎಂದ. ಪ್ರೋಗ್ರಾಂ ಎದ್ದಿತು, ಕಿಟಕಿಯೂ ಬಂತು, ಒಳಗೆ ಮಾತ್ರ ಪುಟ ತೋರಿಸಲಾಗದು ಎಂಬ ಇಂಗ್ಲಿಷ್ ಸಾಲು. ಏನು ಒತ್ತಿದರೂ ಅದೇ. ಮೇಷ್ಟರುಗಳೆಲ್ಲ ನಿಂತು ನೋಡಿದರಂತೆ.

"ಪಕ್ಕದ ಫೋಲ್ಡರ್ ಹಾಕ್ಲಿಲ್ವಾ?" ಎಂದಳು ರೋಜಾ.

"ನೋಡ್ದೆ ಕಣೆ. ಅಡುಗೆ ಅಂತ ಇತ್ತು. ತೆಗೆದ್ರೆ ಕಜ್ಜಾಯ ಮಾಡೋದು. ಎಡೆ ಗಡಿಬಿಡೀಲಿ ಏನೋ ಬಡಬಡಿಸ್ತಾವಳೆ ಅಂದ್ಕಂಡೆ. ಸ್ಕೂಲ್‌ಗೆ ಯಾರಾದ್ರೂ ಅಡುಗೆ ತಗೊಂಡೋಯ್ತಾರಾ?"

ಸಿ.ಡಿ.ಯಲ್ಲಿ ಜಾಗ ದಂಡವಾಗಬಾರದೆಂದು, ಸಾಹುಕಾರರಿಗೆ ಸಂತೋಷವಾಗಲೆಂದು ಉಳಿದ ಕಡೆಯೆಲ್ಲ ಶಿವನ ಭಕ್ತಿಗೀತೆಗಳನ್ನು ತುಂಬಿಕೊಂಡು ಹೋಗಿದ್ದ. ಅವು ಚೆನ್ನಾಗಿ ಹಾಡಿದವಂತೆ.

ರೋಜಾ ಜಗಲಿಯಿಂದ ಎದ್ದು ನಿಂತಳು. ಹೆಸರು ಮರೆಮಾಚಿದವಳು ತಾನೇ, ಅಳಿಸುವವನು ಮನೆಯಲ್ಲಿದ್ದಾನೆಂದು ಮರೆಮಾಚಿದ್ದು. ಯಾವುದನ್ನು ಮೊದಲು ಹೇಳುವುದು? ಅಷ್ಟರಲ್ಲಿ ಪುಟ್ಟಮಾದಮ್ಮ ಬಾಗಿಲು ತೆಗೆದಳು, ನೆಂಟರಿಗೆ ಬಡಿಸುವ ಹೊತ್ತಾಗಿತ್ತು.

ಮಾರನೆಯ ದಿನವೇ ತಾನೇ ಶಾಲೆಗೆ ಹೋಗಬೇಕೆಂದಿದ್ದಳು. ನೆಂಟರು ಉಳಿದರು, ಪಾತ್ರೆಗಳು ಉಳಿದವು, ರಾಹುಲನಿಗೆ ಶೀತವಾಗಿ ಜ್ವರ ಬಂತು. ಕೊನೆಗೆ ಮುಂದಿನ ವಾರ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ತಾನೇ ಬರೆದ ಸಿ.ಡಿ.ಯನ್ನು ಚೀಲದಲ್ಲಿಟ್ಟುಕೊಂಡು ನಂಜನಗೂಡಿನ ಬಸ್ಸು ಹತ್ತಿದಳು. ಶಾಲೆಯ ಕಂಪ್ಯೂಟರಿಗೆ ಹಾಕಿದರೆ ಎಲ್ಲವೂ ನಡೆಯಿತು. ಆನೆ ಬಂತು, ಪದ್ಯ ಹಾಡಿತು. ಅವಳ ಸೊಂಟದಿಂದ ಇಳಿದ ರಾಹುಲ್ ಬಸವಪ್ರಸಾದನ ಮೊಣಕಾಲ ಬಳಿ ನಿಂತು ತೆರೆಯ ಮೇಲಿನ ಆನೆಗೆ ಕೈ ಬೀಸಿದ. ಬಸವಪ್ರಸಾದ್ ನಕ್ಕ. ಒಳ್ಳೆಯ ಮನುಷ್ಯನೇ, ಅವಳಿಗೆ ಕಾಫಿ ತರಿಸಿದ.

"ಚೆನ್ನಾಗಿದೆ ಕಣಮ್ಮ, ತಗೋತೀವಿ. ಅವತ್ತೇ ನಿಮ್ಮ ಯಜಮಾನ್ರು ಹೇಳಿದ್ರು. ನಾನಲ್ಲ ಸಾರ್ ಮಾಡಿದ್ದು, ನಮ್ಮ ಮನೆಯವಳು, ಒಲೆ ಮುಂದೆ ಕೂತ್ಕಂಡು ಮಾಡಿದ್ದು ಹಿಂಗೇ ಆಗೋದು ಅಂತ."

ಆ ಮನೆಯಲ್ಲಿ ಇಷ್ಟು ವರ್ಷ ಬರೆದ ಯಾವ ಪ್ರೋಗ್ರಾಮಿಗೂ ರವಿಕುಮಾರ ಅವಳ ಹೆಸರು ಹೇಳಿರಲಿಲ್ಲ. ಪ್ರೋಗ್ರಾಂ ಕೆಟ್ಟುನಿಂತ ದಿನ ಮಾತ್ರ ಹೇಳಿದ್ದ. ರೋಜಾ ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟು ಕೆಲಸದ ವಿಚಾರ ಕೇಳಿದಳು.

"ಅದು ಆಗೋಯ್ತಲ್ಲಮ್ಮ. ಒಬ್ಬ ಹುಡುಗನ್ನ ತಗೊಂಡ್ವಿ. ನೀವು ಅವತ್ತೇ ಬಂದಿದ್ರೆ ಬೇರೆ ಮಾತು."

"ಅವತ್ತು ಮನೇಲಿ ಎಡೆ ಇತ್ತು ಸಾರ್. ಆಮೇಲೆ ಮಗೂಗೆ ಜ್ವರ ಬಂತು."

"ಅದೇ ನೋಡಿ ಮತ್ತೆ. ಅವತ್ತು ಎಡೆ, ಆಮೇಲೆ ಮಗೀಗೆ ಜ್ವರ. ಹೆಣ್ಣುಮಕ್ಕಳ ಪಾಡು ನಂಗೆ ಗೊತ್ತಿಲ್ವಾ? ಮನೇಲೇ ಕೂತು ಮಾಡ್ಕೊಡಿ, ಯಜಮಾನ್ರು ತಂದು ಕೊಡ್ತಾರೆ. ನಿಮಗೂ ತೊಂದ್ರೆ ಇಲ್ಲ."

ಅವನ ದನಿಯಲ್ಲಿ ಕರುಣೆಯೇ ಇತ್ತು. ಜಗಳವಾಡಲು ಅವಳಿಗೆ ಎಲ್ಲೂ ಹಿಡಿ ಸಿಗಲಿಲ್ಲ.

ಕೆಲಸಕ್ಕೆ ಸೇರಿದವನು ನಿಂಗರಾಜು, ಸುತ್ತೂರಿನ ಕಡೆಯವನು. ತಿಳಿವಳಿಕೆ ಕಡಿಮೆಯಿದ್ದರೂ ವಿನಯವಂತ. ಪದ್ಯದ ಧ್ವನಿ ಬರುತ್ತಿಲ್ಲ ಎಂದು ಮೊದಲ ಸಲ ಫೋನು ಮಾಡಿದ. ಆಮೇಲೆ ಮಕ್ಕಳು ಕಿಟಕಿ ಮುಚ್ಚಿಬಿಡುತ್ತಾರೆ, ತಡೆಯುವುದು ಹೇಗೆ ಎಂದು ಕೇಳಿದ. ಆಮೇಲೆ ಹೊಸ ಪಾಠ ಸೇರಿಸುವುದನ್ನು ಕೇಳಿದ. ಶಾಲೆಯ ಊಟದ ಬಿಡುವಿನಲ್ಲಿ ಮಾಡುತ್ತಿದ್ದುದರಿಂದ ಫೋನು ಬರುತ್ತಿದ್ದದ್ದು ಸರಿಯಾಗಿ ಇವಳು ಮುದ್ದೆ ತಿರುವುವ ಹೊತ್ತಿಗೆ. ಅವಳು ಸಿಡುಕಲಿಲ್ಲ. ಆ ಎಂಜಿನ್ನಿನ ಬಗ್ಗೆ ಇನ್ನೊಬ್ಬರೊಡನೆ ಮಾತಾಡಲು ಸಿಗುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ. ಹೊಸ ಪಾಠಗಳನ್ನೂ ಅವಳೇ ಬರೆದಳು, ರವಿಕುಮಾರ ಒಯ್ದು ಕೊಟ್ಟು ಬಂದ.

ಎರಡು ವರ್ಷದ ಮೇಲೆ ಶಾಲೆಗೆ ಇನ್ನೊಬ್ಬ ಟೀಚರ್ ಬೇಕೆಂದು ಗೊತ್ತಾದಾಗ ಗಂಡನನ್ನು ಮತ್ತೆ ಕೇಳಿ ನೋಡಿದಳು. ಆ ವರ್ಷ ಪುಟ್ಟಮಾದಮ್ಮ ಬಚ್ಚಲಲ್ಲಿ ಬಿದ್ದು ಹಾಸಿಗೆ ಹಿಡಿದಿದ್ದಳು. ನೀನೇ ಹೇಳು, ಅಮ್ಮನ್ನ ಯಾರು ಎತ್ತಿ ಕೂರಿಸ್ತಾರೆ ಎಂದ ರವಿಕುಮಾರ. ಅವನಿಗೆ ಆ ಪ್ರಶ್ನೆಗೆ ಉತ್ತರ ಬೇಕಿರಲಿಲ್ಲ. ಅದೇ ಮಳೆಗಾಲದಲ್ಲಿ ಜಾಗ ಸಾಲದೆಂದು ಮನೆಯ ಕಂಪ್ಯೂಟರನ್ನು ಸೆಂಟರಿಗೆ ಒಯ್ದು, ಆ ಮೇಜಿನ ಜಾಗದಲ್ಲಿ ಅವ್ವನ ಮಂಚ ಹಾಕಿಸಿದ. ಪಾಠಗಳು ನಿಂತವು. ಫೋನು ಮಾತ್ರ ಬರುತ್ತಿತ್ತು.

ಒಂದು ಮಧ್ಯಾಹ್ನ ಎಸರು ಕುದಿಯುತ್ತಿರುವಾಗ ನಿಂಗರಾಜು ಫೋನು ಮಾಡಿದ. ದನಿಯಲ್ಲಿ ಸಂಕೋಚವಿತ್ತು.

"ಅಕ್ಕ, ನಾಳೆ ಇಲಾಖೆಯೋರು ಸ್ಕೂಲ್ ನೋಡಕ್ಕೆ ಬತ್ತಾವ್ರೆ. ಪಾಠದ ಕೆಳಗೆ ಮಾಡಿದೋರ ಎಸ್ರು ಇರ್ಬೇಕಂತೆ. ಸಾಹುಕಾರ್ರು ನಂಗೆ, ನಿನ್ನೆಸ್ರೇ ಆಕ್ಕೊ ಅಂದ್ರು. ನಂಗೆ ಎಲ್ಲಿ ಆಕೋದು ಗೊತ್ತಾಯ್ತಿಲ್ಲ."

ಮಂಚದಿಂದ ಅತ್ತೆ, ಇಟ್ಟು ತಳ ಹಿಡೀತದೆ ಕಣವ್ವ ಎಂದಳು. ರೋಜಾ ರಿಸೀವರನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು ಮುದ್ದೆ ಕೋಲು ಹಿಡಿದಳು.

"ಒಂದೊಂದು ಪುಟಕ್ಕೂ ಹಾಕ್ತಾ ಕೂರ್ಬೇಡ. ಎಲ್ಲಾ ಪುಟಕ್ಕೂ ಸೇರಿ ಒಂದು ಫೈಲಿದೆ ನೋಡು, ಅದರ ಕೊನೇ ಸಾಲು. ಅಲ್ಲಿ ಹಾಕು. ಎಲ್ಲಾ ಕಡೆ ಬರುತ್ತೆ."

ಅವನು ಬರೆಯುವ ತನಕ ಅವಳು ಕಾದಳು. ಒಲೆಯ ಉರಿ ತಗ್ಗಿಸಿದಳು.

"ಬಂತಾ?"

"ಬಂತು ಅಕ್ಕ. ಎಲ್ಲಾ ಪುಟದಲ್ಲೂ ಬಂತು."

ಫೋನಿಟ್ಟು ಮುದ್ದೆ ಕಟ್ಟಿ, ಅತ್ತೆಯನ್ನು ಎತ್ತಿ ಗೋಡೆಗೆ ಒರಗಿಸಿ ಕೂರಿಸಿದಳು. ಯಾರದು ಫೋನು ಎಂದು ಪುಟ್ಟಮಾದಮ್ಮ ಕೇಳಿದಳು. ಸ್ಕೂಲಿನವರು ಎಂದಳು ರೋಜಾ. ಏನಂತೆ ಎಂದಾಗ ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ಆ ಮುದುಕಿಯ ಬಾಯಿಗಿಟ್ಟಳು.