ನಾಲ್ಕು ಗಂಟೆ ಬಸ್ಸಿನ ಸುದ್ದಿ

ಹೋದ ವಾರ ರವಿಕೆ ಹೊಲಿಯಲು ಕೊಡೋಣವೆಂದು ಮಂಡ್ಯದ ಟೈಲರ್ ಅಂಗಡಿಗೆ ಹೋಗಿದ್ದೆ. ಅವನು ಬಿಲ್ ಪುಸ್ತಕ ತೆಗೆದು, ಎರಡು ಹಾಳೆಗಳ ನಡುವೆ ನೀಲಿ ಕಾರ್ಬನ್ ಸಿಕ್ಕಿಸಿ, ನನ್ನ ಅಳತೆ ಬರೆದುಕೊಂಡು ಚೀಟಿ ಹರಿದು ಕೊಟ್ಟ. ಚೀಟಿಯಿಂದ ಆ ವಾಸನೆ ಬಂತು. ಮೇಣದ್ದೂ ಅಲ್ಲ, ಸೀಮೆಎಣ್ಣೆಯದ್ದೂ ಅಲ್ಲ, ಎರಡೂ ಸೇರಿದ ಹಾಗೆ... ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ನಿಂತುಬಿಟ್ಟೆ. "ಯಾಕಜ್ಜಿ, ಅಳತೆ ತಪ್ಪೋಯ್ತಾ?" ಎಂದು ಟೈಲರ್ ಕೇಳಿದ. ಇಲ್ಲಪ್ಪ ಎಂದು ಹೊರಗೆ ಬಂದೆ.

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಈಗ ಟಿವಿ ಸುದ್ದಿ ಚಾನೆಲ್ಲಿಗೆ ಸೇರಿದ್ದಾಳೆ. ಮೊನ್ನೆ ಊಟ ಮಾಡುತ್ತಾ "ಅಜ್ಜಿ, ನೀನು ಯಾವತ್ತಾದ್ರೂ ಕೆಲಸ ಅಂತ ಮಾಡಿದ್ದೀಯಾ?" ಎಂದು ಕೇಳಿದಳು. ಇಲ್ಲ ಎಂದೆ. ಅದು ಪೂರ್ತಿ ನಿಜವಲ್ಲ. ಎರಡು ವರ್ಷ ನಾನೂ ಸುದ್ದಿ ಬರೆದಿದ್ದೇನೆ, ನನ್ನ ಹೆಸರಿನಲ್ಲಿ ಅಲ್ಲ ಅಷ್ಟೇ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ನಿಮಗೇ ಗೊತ್ತು. ಅದಕ್ಕೆ ಬರೆದಿಡುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ನಾನು ಮದುವೆಯಾಗಿ ಮದ್ದೂರಿಗೆ ಬಂದು ಮೂರು ವರ್ಷವಾಗಿತ್ತು. ನಿಮ್ಮ ತಾತ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಒಂದು ಉದ್ದನೆಯ ಹೆಂಚಿನ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಮುಂಭಾಗದಲ್ಲಿ ಒಂದು ದಿನಪತ್ರಿಕೆಯ ವರದಿಗಾರರೂ ಅವರ ಹೆಂಡತಿಯೂ ಇದ್ದರು. ಬೀದಿಯವರೆಲ್ಲ ಅವರನ್ನು 'ಪೇಪರ್‌ನೋರು' ಎನ್ನುತ್ತಿದ್ದರು. ನಾನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ. ಅಣ್ಣ ಎಂದರೂ ನನ್ನ ಅಪ್ಪನ ವಯಸ್ಸು. ಅವರಿಗೆ ಮಕ್ಕಳಿರಲಿಲ್ಲ.

ಅಣ್ಣನಿಗೆ ಬಲಗೈ ನಡುಗುತ್ತಿತ್ತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಬರೆಯಲು ಕೂತರೆ ಅಕ್ಷರಗಳು ಚೆದುರಿದ ಇರುವೆಗಳ ಹಾಗೆ ಹಾಳೆಯ ತುಂಬ ಓಡುತ್ತಿದ್ದವು. ಬೆಂಗಳೂರಿನ ಕಚೇರಿಯಿಂದ ಕಾಗದ ಬಂದಿತ್ತು. ನಿಮ್ಮ ಬರಹ ಓದಲಾಗುತ್ತಿಲ್ಲ, ಹೀಗೇ ಆದರೆ ಬೇರೆಯವರನ್ನು ನೇಮಿಸಬೇಕಾಗುತ್ತದೆ ಎಂದು. ಅವರಿಗೆ ಆ ಕೆಲಸವೆಂದರೆ ಉಸಿರು. ನಾಲೆ ಒಡೆದರೆ, ಕಬ್ಬಿನ ಗಾಡಿ ಮಗುಚಿದರೆ, ಶಾಲೆಯ ಗೋಡೆ ಬಿದ್ದರೆ, ಸೈಕಲ್ ತಳ್ಳಿಕೊಂಡು ಮೊದಲು ಹೋಗುತ್ತಿದ್ದವರು ಅವರೇ. ಕಾಗದ ಬಂದ ಮೇಲೆ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ನಾನು ನಮ್ಮವ್ವನಿಗೆ ಕಾರ್ಡು ಬರೆಯುತ್ತಿದ್ದೆ. ಅಕ್ಕ ಹಿಂದಿನಿಂದ ಬಗ್ಗಿ ನೋಡಿ ಕೂಗಿದರು. "ರೀ, ಬನ್ರೀ ಇಲ್ಲಿ! ಅಚ್ಚು ಒತ್ತಿದಂಗೆ ಬರೀತಾಳೆ ಕಣ್ರೀ ಈ ಹುಡ್ಗಿ!"

ನಾನು ಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ಕಾಪಿ ಬರೆಸಿ ಬರೆಸಿ ಮೇಷ್ಟ್ರು ಕೈ ತಿದ್ದಿದ್ದರು, ನನ್ನ ಹತ್ತಿರ ಇದ್ದದ್ದು ಅದೊಂದೇ. ಅಣ್ಣ ಬಂದು ದೂರದಲ್ಲೇ ನಿಂತು, "ನಂಗೂ ಒಸಿ ಬರ್ಕೊಡ್ತೀಯ, ತಾಯಿ?" ಎಂದರು. ಅಷ್ಟು ದೊಡ್ಡವರು ನನ್ನಂಥವಳ ಹತ್ತಿರ ಹಾಗೆ ಕೇಳಿದ್ದು... ನಾನು ತಲೆ ಅಲ್ಲಾಡಿಸಿದೆ.

ಅವತ್ತಿನಿಂದ ದಿನಾ ಊಟವಾದ ಮೇಲೆ ಅವರ ಬಾಗಿಲ ಪಕ್ಕ ಚಾಪೆಯ ಮೇಲೆ ಕೂರುತ್ತಿದ್ದೆ. ಅಣ್ಣ ಹಜಾರದಲ್ಲಿ ಅಡ್ಡಾಡುತ್ತಾ ಹೇಳುತ್ತಿದ್ದರು, ನಾನು ಕಾರ್ಬನ್ ಇಟ್ಟು ಬರೆಯುತ್ತಿದ್ದೆ. ಮೇಲಿನ ಹಾಳೆ ಕವರಿಗೆ, ಕೆಳಗಿನದು ಅವರ ಜೇಬಿಗೆ. ಕವರನ್ನು ನಾಲ್ಕು ಗಂಟೆ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ, ಅಲ್ಲಿ ಕಚೇರಿಯವರು ಬಂದು ಇಸಿದುಕೊಳ್ಳುತ್ತಿದ್ದರು. ಅಣ್ಣನ ಕೈ ಸರಿಹೋಯಿತೆಂದೇ ಅವರು ತಿಳಿದಿದ್ದರು. ಮೊದಮೊದಲು ಅಣ್ಣ ಪ್ರತಿ ಹಾಳೆಯನ್ನೂ ಓದಿ ನೋಡುತ್ತಿದ್ದರು. ಆಮೇಲೆ ಬಿಟ್ಟರು. "ನೀನು ಬರ್ದ್ಮೇಲೆ ನೋಡೋದೇನೈತೆ ತಾಯಿ" ಎಂದು ಹಾಗೇ ಮಡಚಿ ಕವರಿಗೆ ಹಾಕುತ್ತಿದ್ದರು.

ಒಂದು ಪದ್ಧತಿ ಹೇಳಬೇಕು, ನಿಮಗೆ ನಗು ಬರಬಹುದು. ಸಭೆ ಸಮಾರಂಭಗಳು ನಡೆಯುತ್ತಿದ್ದದ್ದು ಸಂಜೆ ಐದಕ್ಕೆ. ಬಸ್ಸು ಹೋಗುತ್ತಿದ್ದದ್ದು ನಾಲ್ಕಕ್ಕೆ. ಹಾಗಾಗಿ ಆಹ್ವಾನ ಪತ್ರಿಕೆ ನೋಡಿ, ನಡೆಯಬೇಕಾದದ್ದನ್ನು ನಡೆಯಿತು ಎಂದೇ ಬರೆದು ಕಳಿಸುವುದು. ಆಗ ಸಣ್ಣ ಊರುಗಳ ವರದಿಗಾರರು ಮಾಡುತ್ತಿದ್ದದ್ದೇ ಹಾಗೆ. ಆದರೆ ಅಣ್ಣ ತಮಗೊಂದು ಕಟ್ಟುಪಾಡು ಹಾಕಿಕೊಂಡಿದ್ದರು. ಬರೆದ ಮೇಲೆ ಹೋಗಿ ನೋಡಲೇಬೇಕು. ಕಾರ್ಬನ್ ಪ್ರತಿ ಹಿಡಿದು ಕೊನೇ ಸಾಲಿನಲ್ಲಿ ನಿಂತು, ಒಂದೊಂದು ನಡೆದ ಹಾಗೂ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಏನಾದರೂ ಬದಲಾದರೆ ಪೋಸ್ಟಾಫೀಸಿಗೆ ಓಡಿ ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕುತ್ತಿದ್ದರು. ಹಾಗಾದದ್ದು ತೀರ ಅಪರೂಪ. ನಾನು ಎರಡು ಗಂಟೆಗೆ ಬರೆದ ಭಾಷಣ ಐದು ಗಂಟೆಗೆ ಆಗುತ್ತಿತ್ತು. ನಾನು ಹಾಳೆಯ ಮೇಲೆ ಕತ್ತರಿಸಿದ ಟೇಪನ್ನು ಆಮೇಲೆ ಯಾರೋ ದೊಡ್ಡವರು ಕತ್ತರಿಸುತ್ತಿದ್ದರು. ಬರೆದೂ ಬರೆದೂ ನನಗೊಂದು ಭ್ರಮೆ ಬಂದಿತ್ತು. ಬರೆದರೆ ಆಗಿಯೇ ಆಗುತ್ತದೆ ಎಂದು.

ಕೊಪ್ಪದ ಆಚೆ ನಮ್ಮ ತವರಿನ ಕಡೆಯ ಒಂದು ಊರು, ಹೆಸರು ಬೇಡ. ಅಲ್ಲೊಂದು ಹೆರಿಗೆ ವಾರ್ಡು ಕಟ್ಟಿದ್ದರು. ಆ ಊರಿನ ನರ್ಸಮ್ಮ ಅದಕ್ಕಾಗಿ ಮಂಡ್ಯದ ಕಚೇರಿಗಳಿಗೆ ವರ್ಷಗಟ್ಟಲೆ ಅಲೆದಿದ್ದರು. ತವರಿನಲ್ಲಿ ನಿಮ್ಮ ದೊಡ್ಡಪ್ಪ ಹುಟ್ಟುವಾಗ ಎರಡು ದಿನ ನೋವು ತಿಂದ ನನ್ನನ್ನು ಉಳಿಸಿದ್ದು ಆಕೆಯೇ. ನಾಲೆ ಏರಿಯ ಮೇಲೆ ನಡೆದುಕೊಂಡು ಬಂದು, ಬಂದವರೇ ಗದರಿದ್ದರು. "ಕಿರುಚ್ಕಳವ್ವ! ನಾಚ್ಕಂಡು ಕುಂತ್ರೆ ಕೂಸು ಬರಾಕಿಲ್ಲ!"

ವಾರ್ಡಿನ ಉದ್ಘಾಟನೆಯ ಆಹ್ವಾನ ಪತ್ರಿಕೆಯಲ್ಲಿ ಹನ್ನೊಂದು ಹೆಸರುಗಳಿದ್ದವು. ಪಂಚಾಯ್ತಿ ಛೇರ್ಮನ್ನರು, ಕಂಟ್ರಾಕ್ಟರು, ಜಾಗ ಕೊಟ್ಟವರು, ಶಾಮಿಯಾನ ಹಾಕಿಸಿದವರು. ನರ್ಸಮ್ಮನ ಹೆಸರು ಇರಲಿಲ್ಲ. ಅಣ್ಣ ಹೇಳುತ್ತಾ ಹೋದರು, ನಾನು ಹನ್ನೊಂದೂ ಬರೆದೆ. ಕೊನೆಗೆ "ವಂದನಾರ್ಪಣೆ ನಡೆಯಿತು" ಎಂದು ಹೇಳಿ ಅವರು ಅಂಗಿ ಹಾಕಿಕೊಳ್ಳಲು ಒಳಗೆ ಹೋದರು. ನನ್ನ ಕೈ ನಿಲ್ಲಲಿಲ್ಲ. "ಇದೇ ಸಂದರ್ಭದಲ್ಲಿ ಗ್ರಾಮದ ನರ್ಸ್ ಅವರಿಗೆ ಹಾರ ಹಾಕಿ ಸನ್ಮಾನಿಸಲಾಯಿತು" ಎಂದು ಬರೆದುಬಿಟ್ಟೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಅಷ್ಟು ಜನರಿಗೆ ಹಾಕುವವರು ಆಕೆಗೊಂದು ಹಾರ ಹಾಕದೆ ಇರುತ್ತಾರೆಯೇ ಎಂದುಕೊಂಡೆ. ಅಣ್ಣ ಬಂದರು, ಓದದೆ ಮಡಚಿದರು, ಬಸ್ಸಿಗೆ ಕೊಟ್ಟು ಆ ಊರಿಗೆ ಹೋದರು.

ರಾತ್ರಿ ಊಟದ ಹೊತ್ತಿಗೆ ವಾಪಸ್ ಬಂದರು. ಕಾಲು ತೊಳೆಯದೆ ಅಂಗಳದಲ್ಲೇ ನಿಂತರು. ಕೈಯಲ್ಲಿ ಕಾರ್ಬನ್ ಪ್ರತಿ.

"ನರ್ಸಮ್ಮ ಹಿಂದ್ಗಡೆ ನಿಂತ್ಕಂಡು ಬಂದೋರ್ಗೆಲ್ಲ ನೀರು ಕೊಡ್ತಾ ಇದ್ಲು ತಾಯಿ" ಎಂದರು. ಬೈಯಲಿಲ್ಲ. ಛೇರ್ಮನ್ನರನ್ನು ಪಕ್ಕಕ್ಕೆ ಕರೆದು, ಆಕೆಗೂ ಒಂದು ಹಾರ ಹಾಕಿ ಎಂದು ಕೇಳಿದ್ದರಂತೆ. "ತಂದ ಆರ ಎಲ್ಲ ಮುಗ್ದೋದೊ, ಬುಡಿ ಸಾಮಿ" ಎಂದು ಅವರು ನಕ್ಕರಂತೆ. ಟ್ರಂಕ್ ಕಾಲಿಗೆ ಲೈನ್ ಸಿಗಲಿಲ್ಲವಂತೆ.

ಮರುದಿನ ಪೇಪರಿನಲ್ಲಿ ಆ ಸಾಲು ಹಾಗೇ ಬಂತು. ಮಧ್ಯಾಹ್ನದ ಹೊತ್ತಿಗೆ ನರ್ಸಮ್ಮ ಪೇಪರು ಹಿಡಿದು ಬಂದೇಬಿಟ್ಟರು.

"ಏನ್ ಪೇಪರ್‌ನೋರೆ, ಯಾವಾಗ ಆಕುದ್ರು ನಂಗೆ ಆರಾನ? ಊರೆಲ್ಲ ನಗ್ತಾವ್ರೆ ಕಣಿ. ನಮ್ಮತ್ತೆ ಬೀದೀಲಿ ನಿಂತು ಓದ್ಸಿ, ಎಲ್ಲಮ್ಮಿ ಆರ, ಎಮ್ಮೆ ತಿಂತಾ ಅಂತವ್ಳೆ. ನಾನೇ ಏಳಿ ಬರ್ಸಿವ್ನಿ ಅಂತಾರೆ. ನಾನೇನ್ ಕೇಳಿದ್ನಾ ನಿಮ್ಮ?" ಎಂದರು. ನನ್ನನ್ನು ಗದರಿ ಹೆರಿಗೆ ಮಾಡಿಸಿದ ಗಟ್ಟಿ ಹೆಂಗಸು ಕಣ್ಣೀರು ಹಾಕಿದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದೆ. ಹೊರಗೆ ಬರಲಿಲ್ಲ.

ಅಣ್ಣ ಕೈ ಮುಗಿದರು. "ನನ್ ತಪ್ಪು ಕಣಮ್ಮ. ತಿದ್ದುಪಡಿ ಹಾಕಿಸ್ತೀನಿ. ನೀನು ಬರೆಸಿದ್ದಲ್ಲ ಅಂತ ಊರಿಗೆ ಗೊತ್ತಾಗ್ಬೇಕು."

ಅಕ್ಕ ಮಾತ್ರ ಎದ್ದು ಒಳಗೆ ಹೋದರು. ಸಂಜೆಗೆಂದು ಕಟ್ಟಿಟ್ಟಿದ್ದ ಕನಕಾಂಬರದ ದಂಡೆ ತಂದು, "ಬಗ್ಗು ಇಲ್ಲಿ. ಏನ್ ಉದ್ದ ಇದ್ದೀಯ ಕಣವ್ವ" ಎಂದು ಬೈಯುತ್ತಾ ನರ್ಸಮ್ಮನ ಜಡೆಗೆ ಮುಡಿಸಿದರು. ಅಳುತ್ತಿದ್ದಾಕೆಗೆ ನಗು ಬಂತು. ಕಾಫಿ ಕುಡಿದು ಹೋದರು.

ಅವತ್ತು ನಾನು ಚಾಪೆ ಹಾಸಿಕೊಂಡು ಕೂತೆ. ಅಣ್ಣ, "ಇವತ್ತು ಬ್ಯಾಡ ತಾಯಿ. ಇದು ನಿನ್ ಕೈಲಿ ಬರೆಸೋದಲ್ಲ" ಎಂದರು.

"ಅಣ್ಣಾ, ನಾನೇ..."

"ಓದ್ದೆ ಕಳಿಸ್ದೋನು ಯಾರು? ನಾನು. ವರದಿಗಾರ ಯಾರು? ನಾನು. ಮುಗೀತು."

ಎಡಗೈಯಿಂದ ಬಲಗೈ ಮಣಿಕಟ್ಟು ಒತ್ತಿ ಹಿಡಿದು, ಮೂರು ಸಾಲು ಬರೆಯಲು ಅವರಿಗೆ ಒಂದು ಗಂಟೆ ಹಿಡಿಯಿತು. ಕಚೇರಿಯವರಿಗೆ ಕೈಬರಹ ಬದಲಾದದ್ದು ಕಾಣುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ನೋಡುತ್ತಾ ಕೂತಿದ್ದೆ...

ವರದಿಗಾರನ ತಪ್ಪಿನಿಂದ ಹೀಗಾಯಿತು, ಇದರಲ್ಲಿ ನರ್ಸ್ ಅವರ ಪಾತ್ರವಿಲ್ಲ ಎಂದು ತಿದ್ದುಪಡಿ ಮೂಲೆಯಲ್ಲಿ ಅಚ್ಚಾಯಿತು. ಆ ಊರಿನಲ್ಲಿ ನಗುವುದು ನಿಂತಿತು. ಹದಿನೈದು ದಿನಕ್ಕೆ ಕಚೇರಿಯ ಕಾಗದ ಬಂತು. ಇಷ್ಟು ದಿನ ನಿಮ್ಮ ಹೆಸರಿನಲ್ಲಿ ಬರೆಯುತ್ತಿದ್ದವರು ಯಾರು? ಇನ್ನು ಮುಂದೆ ನೀವು ಸುದ್ದಿ ಕಳಿಸುವುದು ಬೇಡ. ಅಣ್ಣ ಅದನ್ನು ಓದಿ ಕನ್ನಡಕ ತೆಗೆದು, "ರಜಾ ಸಿಕ್ತು ಕಣೇ" ಎಂದರು ಅಕ್ಕನಿಗೆ. ಅಕ್ಕ ಅವತ್ತು ಯಾವ ತಮಾಷೆಯನ್ನೂ ಮಾಡಲಿಲ್ಲ.

ನಾನು ಕಚೇರಿಗೆ ಒಂದು ಕಾಗದ ಬರೆದೆ. ಆ ಸಾಲು ಸೇರಿಸಿದವಳು ನಾನು, ಅವರಿಗೆ ತಿಳಿಯದೆ ಸೇರಿಸಿದೆ ಎಂದು. ಪೋಸ್ಟ್ ಡಬ್ಬಿಯವರೆಗೂ ಹೋದೆ. ಬೆಂಗಳೂರಿನಲ್ಲಿ ಅಷ್ಟು ಜನ ಗಂಡಸರು ನನ್ನ ಹೆಸರು ಓದುತ್ತಾರೆ, ಮದ್ದೂರಿನವರಿಗೂ ಗೊತ್ತಾಗುತ್ತದೆ, ಗಿರಣಿಯಲ್ಲಿ ನಿಮ್ಮ ತಾತನನ್ನು ಆಡಿಕೊಳ್ಳುತ್ತಾರೆ ಎಂದೆಲ್ಲ ತಲೆಗೆ ಬಂತು. ಕಾಗದವನ್ನು ವಾಪಸ್ ತಂದು ನೀರೊಲೆಗೆ ಹಾಕಿದೆ. ಅದನ್ನು ಡಬ್ಬಿಗೆ ಹಾಕಿದ್ದರೆ ಅವರ ಕೆಲಸ ಉಳಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಹಾಕಲಿಲ್ಲ ಎನ್ನುವುದಷ್ಟೇ ಗೊತ್ತು.

ಆ ವರ್ಷವೇ ಅವರು ಮಳವಳ್ಳಿಗೆ, ಅಕ್ಕನ ತಮ್ಮನ ಮನೆಗೆ ಹೋದರು. ಆಮೇಲೆ ಒಂದೇ ಸಲ ನೋಡಿದ್ದು, ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ. ಕಲ್ಲುಬೆಂಚಿನ ಮೇಲೆ ಪೇಪರು ಮಡಿಲಲ್ಲಿ ಹರಡಿಕೊಂಡು ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಈಗ್ಲೂ ಹಂಗೇ ಬರೀತಿದೀಯ ತಾನೆ? ಬುಡ್ಬ್ಯಾಡ ತಾಯಿ, ಕೈ ಕೆಟ್ಟೋಯ್ತದೆ" ಎಂದರು. ನಾನು ತಲೆ ಅಲ್ಲಾಡಿಸಿದೆ. ಡಬ್ಬಿಗೆ ಹಾಕದ ಆ ಕಾಗದದ ವಿಷಯ ಹೇಳಬೇಕೆಂದು ಬಾಯಿ ತೆರೆದೆ... ನಿಮ್ಮ ತಾತ ಬಸ್ಸಿನ ಬಾಗಿಲಿನಿಂದ ಕರೆದರು. ಹತ್ತಿದೆ.

ಅಣ್ಣ ಹೋದ ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಅವರು ದುಡಿದ ಪೇಪರಿನ ಆ ದಿನಗಳ ಸಂಚಿಕೆಗಳನ್ನೆಲ್ಲ ತರಿಸಿ ಹುಡುಕಿದೆ. ಅವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಈಗ ಅಕ್ಕ ಇಲ್ಲ, ನರ್ಸಮ್ಮ ಇಲ್ಲ, ನಿಮ್ಮ ತಾತನೂ ಇಲ್ಲ. ನಾನು ನಾಚಬೇಕಾದವರು ಯಾರೂ ಉಳಿದಿಲ್ಲ. ಹೇಳಿದ್ದರಿಂದ ಯಾರ ಕೆಲಸವೂ ಹೋಗುವುದಿಲ್ಲ, ಯಾರ ಕೆಲಸವೂ ವಾಪಸ್ ಬರುವುದೂ ಇಲ್ಲ. ಆದರೂ ಮಕ್ಕಳೇ, ಪೇಪರಿನಲ್ಲಿ ಬಂದ ತಿದ್ದುಪಡಿ ಸರಿಯಲ್ಲ. ತಪ್ಪು ವರದಿಗಾರರದಲ್ಲ. ಹಾರದ ಆ ಸಾಲು ಬರೆದವಳು ನಾನು. ಅಣ್ಣ ಓದುವ ಹಾಗಿದ್ದಾಗ ಇದನ್ನು ಬರೆಯಬೇಕಿತ್ತು.