ಇಪ್ಪತ್ತೊಂದು ಗಟ್ಟಿ ವಿಭೂತಿ

ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆಯ ಹಾದಿ. ಅಷ್ಟೂ ಹೊತ್ತು ನನ್ನ ಜೀವವೆಲ್ಲ ಸೂಟ್‌ಕೇಸಿನ ತಳದಲ್ಲಿತ್ತು. ಅಲ್ಲಿ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿಟ್ಟ ಇಪ್ಪತ್ತೊಂದು ವಿಭೂತಿ ಗಟ್ಟಿಗಳಿದ್ದವು. ಸಿಂಗಪುರದಲ್ಲಿರುವ ತಂಗಿ ಶೈಲಾಳಿಗೆ ಕ್ಯಾನ್ಸರ್. ದೀಪಾವಳಿ ಕಂಡರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿ ತೋಡಿ, ಅಂಗೈಯಲ್ಲಿ ಲಿಂಗವಿಟ್ಟು ಕೂಡಿಸಿ, ಸುತ್ತ ವಿಭೂತಿ ಗಟ್ಟಿ ಜೋಡಿಸಿ ಮಣ್ಣು ಕೊಡುತ್ತೇವೆ. "ಆ ಊರಾಗ ಸಿಗತಾವೋ ಇಲ್ಲೋ, ನೀನ ಒಯ್ಯಿ" ಎಂದು ಗದಗಿನಲ್ಲಿ ಅಣ್ಣ ಗಂಟು ಕೊಟ್ಟಿದ್ದ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಬಾಯಿ ಮುಚ್ಚಿಕೊಂಡು ಇಸಿದುಕೊಂಡೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಚಾಂಗಿ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಸೂಟ್‌ಕೇಸು ತೆರೆಸಿ, ಒಂದು ಗಟ್ಟಿ ಎತ್ತಿ ಮೂಸಿ ನೋಡಿದ. "ಪ್ರೇಯರ್" ಎಂದೆ. ತಲೆಯಾಡಿಸಿ ಬಿಟ್ಟ. ಸುಳ್ಳು ಹೇಳಿದೆನಲ್ಲ ಎಂದುಕೊಳ್ಳುತ್ತ ಗಂಟು ಮತ್ತೆ ಕಟ್ಟಿದೆ.

ಶೈಲಾಳ ಗಂಡ ಮಹೇಶ ಟ್ಯಾಕ್ಸಿಯಲ್ಲಿ ಯಿಶುನ್ ಬಡಾವಣೆಯ ಮನೆಗೆ ಕರೆದೊಯ್ದ. ಒಂಬತ್ತನೇ ಮಹಡಿಯಲ್ಲಿ ಬಾಗಿಲು ತೆಗೆದವಳನ್ನು ನೋಡಿ ನಾನು ಒಂದು ಕ್ಷಣ ಬೇರೆ ಮನೆಯೆಂದುಕೊಂಡೆ. ಮೈಯಲ್ಲಿ ಮೂಳೆ ಬಿಟ್ಟು ಏನೂ ಉಳಿದಿರಲಿಲ್ಲ.

"ಏನಕ್ಕ, ಗುರ್ತು ಸಿಗ್ಲಿಲ್ವಾ? ಫುಲ್ ಡಯಟ್ ಮಾಡಿದೀನಿ" ಎಂದು ನಕ್ಕಳು. ಹದಿನಾಲ್ಕು ವರ್ಷ ಇಲ್ಲಿಯ ಬೆಂಗಳೂರು ಗೆಳತಿಯರ ನಡುವೆ ಇದ್ದು ಅವಳ ಮಾತು ಬೆಂಗಳೂರಿನವರ ಹಾಗಾಗಿತ್ತು.

ಮರುದಿನ ಅವಳ ಹನ್ನೆರಡು ವರ್ಷದ ಮಗಳು ಅನನ್ಯ, ಶೇಂಗಾ ಚಟ್ನಿಪುಡಿ ಹುಡುಕುತ್ತ ನನ್ನ ಸೂಟ್‌ಕೇಸು ಕೆದಕಿದಳು. ಗಂಟು ಬಿಚ್ಚಿ ಗಟ್ಟಿಗಳೆಲ್ಲ ನೆಲಕ್ಕೆ ಉರುಳಿದವು.

"ಅಮ್ಮಾ, ದೊಡ್ಡಮ್ಮ ಚಾಕ್‌ಪೀಸ್ ತಂದಿದಾರೆ ಲಾ! ಸೋ ಮೆನಿ!" ಅವಳ ಮಾತಿಗೆ ಸಿಂಗಪುರದವರ 'ಲಾ' ಅಂಟಿಕೊಂಡಿತ್ತು.

ಶೈಲಾ ಬಂದು ನೋಡಿದಳು, ಎಣಿಸಿದಳು. ಮಗಳನ್ನು ಹಾಲು ತರಲು ಕೆಳಗೆ ಕಳಿಸಿದಳು. ಸಿಟ್ಟಿನಲ್ಲಿ ಅವಳ ಬಾಯಿಗೆ ಗದಗು ಮರಳಿ ಬಂತು.

"ಅಕ್ಕಾ, ನನ್ನ ಕುಣಿಗೆ ಸಾಮಾನು ತಂದೀಯೇನು? ನಾ ಇನ್ನೂ ಅದೀನಿ ಇಲ್ಲೆ!"

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ನೆಲದ ಮೇಲೆ ಕೂತು, ಗಟ್ಟಿಗಳನ್ನು ಆಯುತ್ತ ಅತ್ತೆ. ಅಂಥ ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಆ ದಿನ ಇಬ್ಬರೂ ಊಟ ಮಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ ಹೊರಬಂದಳು. ಆಫೀಸಿಗೆ ಹೋಗುತ್ತ ಇಷ್ಟು ವರ್ಷ ಖಾಲಿ ಇಟ್ಟುಕೊಂಡಿದ್ದ ಹಣೆಯ ಮೇಲೆ ಮೂರು ಬೆರಳಗಲ ವಿಭೂತಿ!

"ಒಂದ್ ಗಟ್ಟಿ ಎಷ್ಟು ದಿನ ಬರುತ್ತೆ?"

"ದಿನಾ ಹಚ್ಚಿದ್ರ ಎರಡು ತಿಂಗಳು."

"ಹಂಗಾದ್ರೆ ಮೂರೂವರೆ ವರ್ಷಕ್ಕೆ ಸ್ಟಾಕ್ ಇದೆ. ಡಾಕ್ಟರ್‌ಗೆ ಹೇಳ್ಬೇಡ." ನನ್ನ ಹಣೆ ನೋಡಿ ಬೈದಳು: "ಏನ್ ಜಿಪುಣತನ ಅಕ್ಕ, ಗೆರೆ ಕಾಣೋದೇ ಇಲ್ಲ! ದಪ್ಪಗೆ ಹಚ್ಚು. ರೆಡಿಯಾಗು, ಪುಂಗೋಲ್‌ಗೆ ಹೋಗೋಣ."

ಪುಂಗೋಲ್ ಸಮುದ್ರದಂಚಿನ ಬಡಾವಣೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಇಷ್ಟು ಹತ್ತಿರವಿದ್ದೂ 'ವೀಕೆಂಡ್ ಹೋಗೋಣ' ಎನ್ನುತ್ತಲೇ ಅವಳು ಒಮ್ಮೆಯೂ ನೋಡಿರಲಿಲ್ಲ. ಚಾಲಕನಿಲ್ಲದ ಪುಟ್ಟ ಎಲ್‌ಆರ್‌ಟಿ ರೈಲಿನ ಮುಂದಿನ ಕಿಟಕಿಗೆ ಅಂಟಿಕೊಂಡು ಎರಡು ಸುತ್ತು ಹಾಕಿಸಿದಳು. ಆಮೇಲೆ ಕಾಲುವೆಯ ದಂಡೆಗೆ ಬಂದೆವು. ಮೋಡ ಕವಿದು ಧಗೆಯಾಗಿತ್ತು. ಹತ್ತು ಹೆಜ್ಜೆಗೊಮ್ಮೆ ಕೂರಬೇಕಾಯಿತು.

"ವಿಚಾರಿಸಿದೆ ಅಕ್ಕ. ಇಲ್ಲಿ ಕೂಡಿಸಲ್ವಂತೆ, ಬಾಕ್ಸಲ್ಲಿ ಮಲಗಿಸ್ತಾರೆ. ಹದಿನೈದು ವರ್ಷ ಆದ್ಮೇಲೆ ಅಗೆದು ತೆಗೀತಾರೆ. ಮನೆಗೆ ತೊಂಬತ್ತೊಂಬತ್ತು ವರ್ಷದ ಲೀಸ್, ಮಣ್ಣಿಗೆ ಹದಿನೈದೇ ನೋಡು!"

"ಸಾಕು ಬಿಡ ಶೈಲಾ."

"ನಿನಗೇನು ಪರ್ಮನೆಂಟ್ ಬರ್ಕೊಟ್ಟಿದಾರಾ? ರಿಟೈರ್ ಆದಾಗಿಂದ ಮೊಣಕಾಲು ಮೊಣಕಾಲು ಅಂತ ಕೂತಿದೀಯ."

ಮೊಣಕಾಲು ನೀವುತ್ತಿದ್ದ ಕೈ ತೆಗೆದು ಎದ್ದೆ. ಹಾಕರ್ ಸೆಂಟರ್ ಎಂಬ ತಿಂಡಿ ಅಂಗಡಿಗಳ ಸಾಲಿನಲ್ಲಿ ಬಣ್ಣದ ಐಸಿನ ಗುಡ್ಡೆಯೊಂದನ್ನು ತರಿಸಿ ನಾಲ್ಕು ಚಮಚ ತಿಂದಳು. ಐದು ನಿಮಿಷಕ್ಕೆ ಎಲ್ಲ ವಾಂತಿಯಾಯಿತು. ಬಾಯಿ ತೊಳೆದು ಬಂದವಳು "ರುಚಿ ಮಾತ್ರ ಇತ್ತಕ್ಕ" ಎಂದಳು.

ಮುಂದಿನ ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಮೂರನೆಯ ದಿನ ಕಲ್ಲಾಂಗ್ ಹೊಳೆಯಲ್ಲಿ ದೋಣಿ ಹುಟ್ಟು ಹಾಕುವವರನ್ನು ನೋಡಬೇಕೆಂದು ಹಟ ಹಿಡಿದಳು. ಹೀಗೇ ಒಂದು ದಿನ ತಿರುಗಾಟ, ಎರಡು ದಿನ ನರಳಾಟ. ಬೇಡವೆನ್ನುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಬೆಳಗಿನ ವಿಭೂತಿಯನ್ನಂತೂ ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಹನ್ನೆರಡನೆಯ ದಿನ ನಾನು ಹೊರಟೆ. ವಿಮಾನ ನಿಲ್ದಾಣಕ್ಕೆ ಅವಳೂ ಗಾಲಿಕುರ್ಚಿಯಲ್ಲಿ ಬಂದಳು. ನನ್ನ ಕೈಗೊಂದು ಚೀಲವಿತ್ತಳು. ಒಳಗೆ ಹತ್ತು ಗಟ್ಟಿಗಳಿದ್ದವು.

"ನಿನ್ನ ಪಾಲು. ನನಗೆ ಅಷ್ಟೊಂದು ಬೇಡ."

ಮೂರೂವರೆ ವರ್ಷವೆಂದು ನಕ್ಕಿದ್ದವಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರಿ, "ಫ್ಲೈಟ್ ಮಿಸ್ ಆಗುತ್ತೆ, ಹೋಗು" ಎಂದಳು.

ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋದ ಮೇಲೆ ತಿರುಗಿ ನೋಡಿದೆ. ಗಾಜಿನಾಚೆ ಅವಳು ಹುಬ್ಬು ಗಂಟಿಕ್ಕಿ, ಮೂರು ಬೆರಳನ್ನು ಹಣೆಗೆ ಅಡ್ಡಲಾಗಿ ಎಳೆದು ತೋರಿಸಿದಳು. ಹಣೆ ಮುಟ್ಟಿಕೊಂಡೆ. ಅಳುವಾಗ ವಿಭೂತಿಯೆಲ್ಲ ಅವಳ ಮಡಿಲಲ್ಲೇ ಅಳಿಸಿಹೋಗಿತ್ತು. ಚೀಲ ಬಿಚ್ಚಿ, ಬಾಟಲಿಯ ನೀರಲ್ಲಿ ಒಂದು ಗಟ್ಟಿ ತೋಯಿಸಿ, ಓಡಾಡುವ ಜನರ ನಡುವೆ ಅಲ್ಲೇ ನಿಂತು ದಪ್ಪಗೆ ಹಚ್ಚಿಕೊಂಡೆ.